ಎರಡು ಹರಳು ಕೂಡಿದ ಜಾಗ

ಹೋದ ತಿಂಗಳು ಡಿಗ್ರಿ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆ ನಡೆಸಲು ಯಲಬುರ್ಗಾಕ್ಕೆ ಹೋಗಿದ್ದೆ. ಅಲ್ಲಿಯ ಲ್ಯಾಬಿನ ಕಬ್ಬಿಣದ ಬೀರು ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಬೀರುವಿನ ಬಾಗಿಲು ಹಿಡಿದು ಅಲ್ಲೇ ನಿಂತುಬಿಟ್ಟೆ. ಕುಷ್ಟಗಿಯಲ್ಲಿ ನಾನು ಕಳೆದ ಒಂದೇ ಒಂದು ವರ್ಷ ಆ ವಾಸನೆಯ ಹಿಂದೆ ಸಾಲುಗಟ್ಟಿ ಬಂತು.

ಆಗ ನನಗೆ ಮೂವತ್ತು. ಊರು ಗಂಗಾವತಿ. ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿಯ ಸದ್ದಿನ ನಡುವೆ ಬೆಳೆದವಳು. ಭೌತಶಾಸ್ತ್ರ ಓದಿ, ಕರಾವಳಿಯ ಮಂಗಳೂರಿಗೆ ಹೋಗಿ, ಅಲ್ಲಿ ಒಂದು ಲ್ಯಾಬಿನಲ್ಲಿ ನಾಲ್ಕು ವರ್ಷ ಪಿಎಚ್.ಡಿ. ಕೆಲಸ ಮಾಡಿದ್ದೆ. ಕೆಲಸ ಮುಗಿಯುವ ಮೊದಲೇ ಫೆಲೋಶಿಪ್ ಮುಗಿಯಿತು. ಥೀಸಿಸ್ ಅರ್ಧಕ್ಕೆ ನಿಂತಿತು. ಕುಷ್ಟಗಿಯ ಒಂದು ಪದವಿ ಕಾಲೇಜಿಗೆ ಅತಿಥಿ ಉಪನ್ಯಾಸಕಿ ಬೇಕಾಗಿದ್ದಾರೆಂದು ಗೊತ್ತಾಗಿ ಅರ್ಜಿ ಹಾಕಿದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಎರಡು ಚೀಲ ಹಿಡಿದು ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಗಂಗಾವತಿಯಲ್ಲಿ ಮೋಡ ಇತ್ತು. ಇಲ್ಲಿ ಆಕಾಶ ತೊಳೆದು ಒಣಹಾಕಿದ ಹಾಗೆ ಬೆಳ್ಳಗೆ ಇತ್ತು.

ಲ್ಯಾಬಿನ ಬಾಗಿಲಲ್ಲಿ ನನ್ನನ್ನು ಎದುರುಗೊಂಡವಳು ಹುಲಿಗೆಮ್ಮ. ನಲವತ್ತು ದಾಟಿದ ಹೆಂಗಸು, ತೆಳ್ಳಗಿನ ಮೈ, ಉದ್ದನೆಯ ಬೆರಳು. ಆಕೆಯ ಗಂಡ ಅದೇ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದ. ಅವನು ತೀರಿಕೊಂಡ ಮೇಲೆ ಅನುಕಂಪದ ಮೇಲೆ ಕೆಲಸ ಆಕೆಗೆ ಬಂದಿತ್ತು. ಅದಕ್ಕೂ ಮೊದಲು ಹತ್ತು ಹದಿನೈದು ವರ್ಷ ದಾಳಿಂಬೆ ತೋಟಗಳಲ್ಲಿ ಕೂಲಿ ಮಾಡಿದವಳು.

"ಮಂಗಳೂರಿಂದ ಬಂದೀರಂತ, ಖರೇ ಏನ್ರಿ ಮೇಡಂ?" ಎಂದು ಕೇಳಿದಳು. ಹೌದೆಂದೆ. ಆಕೆಯ ಮುಖ ಅರಳಿತು. "ನನ್ನ ತವರುಮನಿ ಅಲ್ಲೇ ಐತ್ರಿ. ನೀವು ಯಾರ ಮನಿಯಾಗ ಇದ್ರಿ? ಅಲ್ಲಿ ಇಂಥಾ ಲ್ಯಾಬ್ ಯಾವಾಗ ಕಟ್ಟಿದ್ರು?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಯಲಬುರ್ಗಾ ಕಡೆ ಮಂಗಳೂರು ಎಂದೇ ಒಂದು ದೊಡ್ಡ ಹಳ್ಳಿ ಇದೆ. ಆಕೆಗೆ ಮಂಗಳೂರು ಎಂದರೆ ಅದೊಂದೇ. ನಾನು ಸಮುದ್ರದ ಮಂಗಳೂರು ಎಂದು ಹೇಳಿದಾಗ, "ಹಂಗಾರ ಅಲ್ಲಿ ಗಾಳಿಯಾಗ ಉಪ್ಪು ಇರತೈತೇನ್ರಿ?" ಎಂದಳು. ಉಪ್ಪಿಗಿಂತ ನೀರು ಜಾಸ್ತಿ ಇರುತ್ತದೆ ಎಂದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿ ಸಿಟ್ಟು ಇತ್ತೇನೋ, ಆಕೆ ಮತ್ತೆ ಕೇಳಲಿಲ್ಲ.

ಸಿಟ್ಟಿಗೆ ಕಾರಣ ಇತ್ತು. ನನ್ನ ಕೆಲಸವನ್ನು ಹಾಳು ಮಾಡಿದ್ದೇ ಆ ನೀರು.

ತಾಮ್ರ, ಅಲ್ಯೂಮಿನಿಯಂ ಕರೆಂಟು ಹರಿಸುತ್ತವೆ. ಸಕ್ಕರೆ, ಮೇಣ, ನುಸಿಗುಳಿಗೆಯಂಥ ಇಂಗಾಲದ ವಸ್ತುಗಳು ಹರಿಸುವುದಿಲ್ಲ. ಆದರೆ ಇಂಗಾಲದ್ದೇ ಕೆಲವು ಅಣುಗಳು ಅತ್ತ ವಾಹಕವೂ ಅಲ್ಲ, ಇತ್ತ ಪೂರಾ ಅವಾಹಕವೂ ಅಲ್ಲ. ಅವಕ್ಕೆ ಸಾವಯವ ಅರೆವಾಹಕ ಎನ್ನುತ್ತಾರೆ. ಈಗಿನ ಎಷ್ಟೋ ಮೊಬೈಲ್ ಪರದೆಗಳು ಬೆಳಗುವುದು ಅವುಗಳ ತೆಳು ಪದರಗಳಿಂದಲೇ. ಒಂದು ಪದರ ಒಂದೇ ಇದ್ದರೆ ದೊಡ್ಡದೇನೂ ನಡೆಯುವುದಿಲ್ಲ. ಎರಡು ಬೇರೆ ಬೇರೆ ಪದರ ಒಂದನ್ನೊಂದು ಮುಟ್ಟುವ ಗಡಿಯಲ್ಲಿ ಎಲ್ಲ ನಡೆಯುತ್ತದೆ. ಒಂದರ ಅಣುವಿಗೆ ಎಲೆಕ್ಟ್ರಾನ್ ಬಿಟ್ಟುಕೊಡುವ ಸ್ವಭಾವ, ಇನ್ನೊಂದಕ್ಕೆ ಎಳೆದುಕೊಳ್ಳುವ ಸ್ವಭಾವ. ಮುಟ್ಟಿದ ಜಾಗದಲ್ಲಿ ಎಷ್ಟು ದಾಟುತ್ತವೆ, ಯಾವಾಗ ದಾಟುತ್ತವೆ? ನಾಲ್ಕು ವರ್ಷ ನಾನು ಬೆನ್ನು ಹತ್ತಿದ್ದು ಇಷ್ಟೇ ಪ್ರಶ್ನೆಯನ್ನು. ಕರೆಂಟು ಹರಿಸದ ಎರಡು ಹರಳುಗಳನ್ನು ಒಂದರ ಮೇಲೊಂದು ಇಟ್ಟರೆ ನಡುವಿನ ಗಡಿಯಲ್ಲಿ ಕರೆಂಟು ಹರಿಯುತ್ತದೆ ಎಂದು ಒಂದು ಜೋಡಿಯ ವಿಷಯದಲ್ಲಿ ಬೇರೆಯವರು ಆಗಲೇ ತೋರಿಸಿದ್ದರು. ನಾನು ಬೇರೊಂದು ಜೋಡಿ ಹಿಡಿದಿದ್ದೆ. ಒಂದು ತಿಳಿ ಹಳದಿ, ಇನ್ನೊಂದು ಬಿಳಿ. ಎರಡೂ ಈರುಳ್ಳಿಯ ಒಳಪೊರೆಯಷ್ಟು ತೆಳು.

ನನ್ನ ಜೋಡಿಯಲ್ಲೂ ಕರೆಂಟು ಹರಿಯಿತು. ಕತ್ತಲ ಪೆಟ್ಟಿಗೆಯಲ್ಲಿಟ್ಟು ಅಳೆದೆ, ಗ್ರಾಫ್ ಹಾಕಿದೆ, ಕುಣಿದೆ. ನನ್ನ ಗೈಡ್ ಗ್ರಾಫುಗಳನ್ನು ಒಂದೊಂದಾಗಿ ತಿರುವಿ ನೋಡಿ, "ನೀವು ಅಳೆದದ್ದು ನೀರನ್ನು" ಎಂದರು. "ಇಲ್ಲಿಯ ಗಾಳಿಯಲ್ಲೇ ನೀರುಂಟು. ಹರಳಿನ ಮೈಮೇಲೆ ತೇವ ಕೂತು ಅದರಲ್ಲಿ ಕರೆಂಟು ಹೋಗ್ತದೆ. ಒಣ ಜಾಗದಲ್ಲಿ ತೋರಿಸಿ, ಆಗ ನಂಬುತ್ತೇನೆ." ತೇವ ತೆಗೆಯಬೇಕಾದ ಪಂಪು ಕೆಟ್ಟು ರಿಪೇರಿಗೆ ಹೋಗಿತ್ತು. ಅದು ತಿರುಗಿ ಬರುವ ಮೊದಲೇ ನನ್ನ ದಿನಗಳು ಮುಗಿದವು. ಹೊರಡುವಾಗ ಅವರು ಒಳ್ಳೆಯ ಹರಳುಗಳ ಒಂದು ಚಿಕ್ಕ ಡಬ್ಬಿಯನ್ನು ನನ್ನ ಕೈಗಿಟ್ಟು, "ಇಟ್ಟುಕೊಳ್ಳಿ, ಇನ್ನೊಂದು ವರ್ಷ ರಿಜಿಸ್ಟ್ರೇಶನ್ ಇರ್ತದೆ" ಎಂದಿದ್ದರು. ಆ ಡಬ್ಬಿಯನ್ನು ಕುಷ್ಟಗಿಯ ಬಾಡಿಗೆ ಕೋಣೆಯಲ್ಲಿ ಸೀರೆಗಳ ಕೆಳಗೆ ಇಟ್ಟೆ. ತೆರೆಯುವ ಮನಸ್ಸಾಗಲಿಲ್ಲ.

ಮಳೆಗಾಲ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಹಿಂಗಾರಿಯ ಜೋಳ ಮೊಣಕಾಲೆತ್ತರ ಬಂದಾಗ ಕಾಲೇಜಿನ ಹಿಂದಿನ ಹೊಲ ನೋಡುತ್ತ ಬುತ್ತಿ ತಿನ್ನುವುದು ರೂಢಿಯಾಯಿತು. ಹುಲಿಗೆಮ್ಮನೂ ಜೊತೆಗೆ ಕೂರುತ್ತಿದ್ದಳು. ಆಕೆಯ ಮಡಿಲಲ್ಲಿ ಯಾವಾಗಲೂ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ. ಎಸ್ಸೆಸ್ಸೆಲ್ಸಿಯ ಉಳಿದೆಲ್ಲ ವಿಷಯ ಪಾಸಾಗಿ ವಿಜ್ಞಾನ ಒಂದೇ ಎರಡು ಸಲ ಕೈಕೊಟ್ಟಿತ್ತು. ಅದು ಆದರೆ ಲ್ಯಾಬ್ ಸಹಾಯಕಿಯಾಗಿ ಬಡ್ತಿ ಸಿಗುತ್ತಿತ್ತು. "ಈ ಸಲ ಆಗಲಿಲ್ಲಂದ್ರ ಸಾಕ್ರಿ. ಮುಂದ ಕಟ್ಟಂಗಿಲ್ಲ" ಎನ್ನುತ್ತಿದ್ದಳು. ನಾನು ದಿನಾ ಅರ್ಧ ತಾಸು ಪಾಠ ಹೇಳಿಕೊಡುತ್ತೇನೆಂದೆ. ಆಕೆ ಬಾಯಿಪಾಠ ಮಾಡುವುದರಲ್ಲಿ ಕಚ್ಚಾ, ಕೇಳುವುದರಲ್ಲಿ ಪಕ್ಕಾ. ಒಂದು ಸಾಲು ಓದಿದರೆ ಮೂರು ಪ್ರಶ್ನೆ. ಪರೀಕ್ಷೆಯಲ್ಲಿ ಏಕೆ ಹಿಂದೆ ಬೀಳುತ್ತಾಳೆಂದು ಒಂದೇ ವಾರದಲ್ಲಿ ನನಗೆ ತಿಳಿಯಿತು.

ಡಿಸೆಂಬರಿನಲ್ಲಿ ಕೊನೆಯ ವರ್ಷದವರಿಗೆ ನನ್ನ ವಿಷಯವನ್ನು ಒಂದಿಷ್ಟು ಕಣ್ಣಿಗೆ ಕಾಣುವಂತೆ ತೋರಿಸಬೇಕು ಅನ್ನಿಸಿತು. ಕೊಪ್ಪಳದಲ್ಲಿ ಬಾಗಿಲು ಹಾಕಿದ ಒಂದು ಹಳೆಯ ಫೋಟೋ ಸ್ಟುಡಿಯೋ ಇತ್ತು. ಕಪ್ಪು ಬಿಳುಪು ಫೋಟೋ ತೊಳೆಯುವ ದ್ರಾವಣಕ್ಕೆ ಬಳಸುತ್ತಿದ್ದ ಹೈಡ್ರೋಕ್ವಿನೋನ್ ಎಂಬ ಬಿಳಿ ಪುಡಿಯ ಒಂದು ಶೀಶೆ ಅಲ್ಲಿ ಉಳಿದಿತ್ತು. ಅದನ್ನು ಕೇಳಿ ತಂದೆ. ಅದರ ಜೋಡಿಯಾದ ಕ್ವಿನೋನ್ ಎಂಬ ಹಳದಿ ಪುಡಿ ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲೇ ಸಿಕ್ಕಿತು. ಘಾಟು ಬಹಳ, ಕಣ್ಣು ಉರಿಯುತ್ತದೆ. ಕಿಟಕಿಗಳನ್ನೆಲ್ಲ ತೆಗೆಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು, ಎರಡನ್ನೂ ಚಿಟಿಕೆ ಚಿಟಿಕೆ ಖಲ್ಬತ್ತಿನಲ್ಲಿ ಹಾಕಿ ಅರೆದೆ. ಒಂದು ಹನಿ ನೀರೂ ಹಾಕಲಿಲ್ಲ. ಬಿಳಿ ಹಳದಿ ಪುಡಿ ನೋಡನೋಡುತ್ತ ಹಸಿರಾಗಿ, ಆಮೇಲೆ ಕಪ್ಪೇ ಎನ್ನುವಷ್ಟು ಗಾಢ ಹಸಿರಾಯಿತು. ಹುಡುಗರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು.

ಖಲ್ಬತ್ತು ತೊಳೆಯಲು ಬಂದ ಹುಲಿಗೆಮ್ಮ ಮಾತ್ರ ಅದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು.

"ಮೇಡಂ, ಬಿಳಿ ಹಳದಿ ಕೂಡಿದ್ರ ತಿಳಿ ಹಳದಿ ಆಗಬೇಕಲ್ರಿ. ಈ ಹಸರು ಯಾರದ್ರಿ?"

ಯಾರದ್ದು ಎಂದು ಕೇಳಿದಳು! ನಾಲ್ಕು ವರ್ಷದಲ್ಲಿ ನನಗೆ ಯಾರೂ ಇಷ್ಟು ಸರಿಯಾಗಿ ಕೇಳಿರಲಿಲ್ಲ.

"ಇಬ್ಬರದೂ ಅಲ್ಲ ಅಕ್ಕಾ. ಜೋಡಿದು," ಎಂದೆ. "ಬಿಳಿಯ ಅಣು ಒಂಚೂರು ಎಲೆಕ್ಟ್ರಾನ್ ಹಳದಿ ಕಡೆ ಸರಿಸ್ತದ. ಬೆಳಕು ಬಿದ್ರ ಇಲ್ಲಿಂದ ಅಲ್ಲಿಗೆ ಜಿಗೀತದ. ಹಂಗ ಜಿಗಿಯೂಮುಂದ ಕೆಂಪು ಬೆಳಕು ತಿಂದುಬಿಡ್ತದ. ಒಂದೊಂದ ಇದ್ದಾಗ ಎರಡೂ ಕೆಂಪು ಬೆಳಕ ಮುಟ್ಟಂಗಿಲ್ಲ."

ಆಕೆ ಹುಬ್ಬು ಗಂಟಿಕ್ಕಿ ಕೇಳಿದಳು. "ಮುಟ್ಟಿದ್ರಷ್ಟ ಆಗತೈತೋ, ದೂರ ಇಟ್ಟರೂ ಆಗತೈತೋ?"

"ಮುಟ್ಟಬೇಕು."

"ಎಷ್ಟು ಮುಟ್ಟಬೇಕ್ರಿ?"

ಆ ಸಂಜೆ ಕೋಣೆಗೆ ಹೋದವಳೇ ಸೀರೆಗಳ ಕೆಳಗಿನ ಡಬ್ಬಿ ತೆಗೆದು ನೋಡಿದೆ. ಹರಳುಗಳು ಚೆನ್ನಾಗಿಯೇ ಇದ್ದವು.

ಜನವರಿಯ ಒಂದು ಭಾನುವಾರ ಹುಲಿಗೆಮ್ಮ ನನ್ನನ್ನು ತನ್ನ ಮಂಗಳೂರಿಗೆ ಕರೆದುಕೊಂಡು ಹೋದಳು. ಹೋಗುವಾಗ ಇಟಗಿಯ ಗುಡಿಯ ಹತ್ತಿರ ಇಳಿದು, ನೆರಳಲ್ಲಿ ಕೂತು ರೊಟ್ಟಿ ತಿಂದೆವು. ಕಲ್ಲಿನ ಕಂಬಗಳನ್ನು ಎಷ್ಟು ನುಣ್ಣಗೆ ತಿಕ್ಕಿದ್ದಾರೆಂದರೆ ಆಕೆ ಅದರಲ್ಲಿ ಮುಖ ನೋಡಿಕೊಂಡು ತಲೆಗೂದಲು ಸರಿಮಾಡಿಕೊಂಡಳು. ಅವಳ ಅಣ್ಣ ಕೆಲಸ ಮಾಡುವ ದಾಳಿಂಬೆ ತೋಟದಲ್ಲಿ ಗೂಟಿ ಕಟ್ಟುವುದನ್ನು ತೋರಿಸಿದಳು. ಹೊಸ ಸಸಿಗಾಗಿ ಟೊಂಗೆಯ ಮೇಲೆ ಬೆರಳಗಲ ತೊಗಟೆಯನ್ನು ಉಂಗುರದಂತೆ ಸುಲಿದು, ಹಸಿ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯುತ್ತಾರೆ. ತೊಗಟೆ ಪೂರಾ ಬರಬೇಕು, ಒಳಗಿನ ಕಟ್ಟಿಗೆಗೆ ಗೀರು ಬೀಳಬಾರದು. ಆಕೆಯ ಚಾಕು ಟೊಂಗೆಯ ಸುತ್ತ ಒಂದು ಸುತ್ತು ಹೋಯಿತು. ತೊಗಟೆ ಬಳೆಯ ಹಾಗೆ ಕಳಚಿ ಕೈಗೆ ಬಂತು. ನಾನು ಮಾಡಲು ಹೋಗಿ ಎರಡು ಟೊಂಗೆ ಕೆಡಿಸಿದೆ. "ನಿಮ್ಮ ಕೈಯಾಗ ಅವಸರ ಐತ್ರಿ" ಎಂದಳು.

ಮಂಗಳೂರಿನ ಲ್ಯಾಬಿನಲ್ಲಿ ನಾನು ಮುರಿದ ಹರಳುಗಳ ಲೆಕ್ಕ ನೆನಪಾಯಿತು. ತಿರುಗಿ ಬರುವ ಬಸ್ಸಿನಲ್ಲಿ ಆಕೆಗೆ ಎಲ್ಲವನ್ನೂ ಹೇಳಿದೆ. ನೀರಿನ ಮಾತು, ಗೈಡ್ ಹೇಳಿದ್ದು, ಸೀರೆ ಕೆಳಗಿನ ಡಬ್ಬಿ, ಎಲ್ಲ. ಆಕೆ ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡಳು. ಕೊನೆಗೆ, "ಒಣಾ ಜಾಗ ಬೇಕಂದ್ರ ಕುಷ್ಟಗಿಗಿಂತಾ ಒಣಾ ಜಾಗ ಎಲ್ಲೈತ್ರಿ?" ಎಂದಳು.

ಶಿವರಾತ್ರಿ ಕಳೆದ ಮೇಲೆ ಬಿಸಿಲು ಏರಿತು. ಒದ್ದೆ ಸೀರೆ ಹಗ್ಗಕ್ಕೆ ಹಾಕಿ ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಗರಿಗರಿಯಾಗುತ್ತಿತ್ತು. ತುಟಿ ಒಡೆಯುತ್ತಿತ್ತು. ಪ್ರಿನ್ಸಿಪಾಲರ ಹತ್ತಿರ ಅನುಮತಿ ಕೇಳಿ, ಮಧ್ಯಾಹ್ನ ತರಗತಿಗಳು ಮುಗಿದ ಮೇಲೆ ಲ್ಯಾಬಿನ ಒಂದು ಮೂಲೆಯನ್ನು ನಮ್ಮದಾಗಿ ಮಾಡಿಕೊಂಡೆವು.

ನನ್ನ ಹಳೆಯ ಲ್ಯಾಬಿನ ಉಪಕರಣಗಳು ಇಲ್ಲಿ ಎಲ್ಲಿಂದ ಬರಬೇಕು? ಬೀರುವಿನಲ್ಲಿ, ನುಸಿಗುಳಿಗೆಗಳ ನಡುವೆ, ಒಂದು ಹಳೆಯ ಕನ್ನಡಿ ಗ್ಯಾಲ್ವನೋಮೀಟರ್ ಇತ್ತು. ಅದರೊಳಗೆ ತೂಗುಬಿಟ್ಟ ಒಂದು ಪುಟ್ಟ ಕನ್ನಡಿ. ಅತಿ ಸಣ್ಣ ಕರೆಂಟು ಹರಿದರೂ ಕನ್ನಡಿ ತಿರುಗಿ, ಅದರಿಂದ ಹೊರಳಿದ ಬೆಳಕಿನ ಚುಕ್ಕೆ ಎದುರಿನ ಅಳತೆಪಟ್ಟಿಯ ಮೇಲೆ ಸರಿಯುತ್ತದೆ. ಹುಲಿಗೆಮ್ಮ ಅದರ ಧೂಳು ಒರೆಸಿ, ಮಟ್ಟ ಸರಿಮಾಡಿ, ಚುಕ್ಕೆಯನ್ನು ಸೊನ್ನೆಗೆ ತಂದು ನಿಲ್ಲಿಸಿದಳು. ಹರಳುಗಳನ್ನು ಜೋಡಿಸಿದ್ದೂ ಅವಳೇ. ಕಡ್ಡಿಯ ತುದಿಗೆ ತನ್ನದೇ ಒಂದು ಕೂದಲು ಅಂಟಿಸಿ, ಅದರಿಂದ ಹಳದಿ ಹರಳನ್ನು ಎತ್ತಿ ಗಾಜಿನ ಮೇಲೆ ಮಲಗಿಸಿದಳು. ಬಿಳಿ ಹರಳನ್ನು ಅದರ ಮೇಲೆ ಅಡ್ಡ ಇಳಿಸಿದಳು. ಅದು ತಾನಾಗಿಯೇ ಹತ್ತಿಕೊಂಡಿತು. ಎರಡು ತುದಿಗೆ ಬೆಳ್ಳಿಪುಡಿ ಬೆರೆಸಿದ ಅಂಟಿನಿಂದ ತಂತಿ ಹಚ್ಚಿದಳು. ನನ್ನ ಕೈಯಲ್ಲಿ ಹತ್ತಕ್ಕೆ ಎಂಟು ಮುರಿಯುತ್ತಿದ್ದ ಕೆಲಸ ಅವಳ ಕೈಯಲ್ಲಿ ಮೊದಲ ಸಲಕ್ಕೇ ಆಯಿತು.

ಹರಳುಗಳನ್ನು ಕಪ್ಪು ಬಟ್ಟೆ ಹೊದಿಸಿದ ಪೆಟ್ಟಿಗೆಯಲ್ಲಿ ಎರಡು ದಿನ ಒಣಗಲು ಬಿಟ್ಟೆವು. ಮೂರನೆಯ ದಿನ ಮಧ್ಯಾಹ್ನ ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದೆ.

ಚುಕ್ಕೆ ಅಲುಗಲಿಲ್ಲ.

ತಂತಿ ನೋಡಿದೆ, ಅಂಟು ನೋಡಿದೆ, ಬ್ಯಾಟರಿ ಬದಲಿಸಿದೆ. ಎಲ್ಲ ಸರಿಯಿತ್ತು. ಚುಕ್ಕೆ ಸೊನ್ನೆಯ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಏನೋ ಅನುಮಾನ ಬಂದು, ಬಟ್ಟೆಯ ಕೆಳಗೆ ಬಾಗಿ ಹರಳಿನ ಮೇಲೆ ಮೆಲ್ಲಗೆ ಉಸಿರು ಬಿಟ್ಟೆ.

"ಓಡಿತ್ರಿ! ಓಡಿತು ನೋಡ್ರಿ!" ಎಂದು ಹುಲಿಗೆಮ್ಮ ಕೂಗಿದಳು. ಚುಕ್ಕೆ ಅಳತೆಪಟ್ಟಿಯ ಆಚೆ ಅಂಚಿನವರೆಗೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ತೇವ ಆರಿ ಮೆಲ್ಲಗೆ ತಿರುಗಿ ಬಂದು ಸೊನ್ನೆಗೆ ನಿಂತಿತು.

ನಾನು ಸ್ಟೂಲಿನ ಮೇಲೆ ಕೂತೆ. ಗೈಡ್ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ನಾಲ್ಕು ವರ್ಷ ನಾನು ಅಳೆದದ್ದು ಕರಾವಳಿಯ ಗಾಳಿಯನ್ನು. ಅವರ ಮೇಲೆ ನಾನು ಸಾಕಿಕೊಂಡು ಬಂದ ಸಿಟ್ಟಿಗೆ ಈಗ ಕೂರಲು ಜಾಗವೇ ಇರಲಿಲ್ಲ. ಕಣ್ಣೀರು ಬಂತು. ಹುಲಿಗೆಮ್ಮ ಸಮಾಧಾನ ಹೇಳಲು ಬರಲಿಲ್ಲ. ಒಂದು ಚೆಂಬು ನೀರು ತಂದು ಪಕ್ಕದಲ್ಲಿಟ್ಟು, "ದೂರ ಕುಂತು ಅಳ್ರಿ, ಹರಳಿಗೆ ತೇವ ತಾಗತೈತಿ" ಎಂದಳು. ಅಳುತ್ತಲೇ ನಗು ಬಂತು.

ಮರುದಿನ ನಾನು ತರಗತಿಯಲ್ಲಿದ್ದೆ. ಎಲ್ಲವನ್ನೂ ತೆಗೆದು ಬೀರುವಿಗೆ ಸೇರಿಸಲು ಹುಲಿಗೆಮ್ಮನಿಗೆ ಹೇಳಿದ್ದೆ. ಪಾಠ ಅರ್ಧ ಆಗಿರಲಿಲ್ಲ, ಆಕೆ ಬಾಗಿಲಲ್ಲಿ ಬಂದು ನಿಂತಳು. ಎಂದೂ ಹಾಗೆ ಬಂದವಳಲ್ಲ.

"ಮೇಡಂ, ಸ್ವಲ್ಪ ಬರ್ರಿ. ಬ್ಯಾಟರಿ ತಗಿಯೂಕಿಂತ ಮದಲ ಬಟ್ಟಿ ಎತ್ತಿದೆ. ಚುಕ್ಕಿ ಸರೀತ್ರಿ."

"ನಿಮ್ಮ ಉಸಿರು ತಾಗಿರಬೇಕು ಅಕ್ಕಾ."

"ನಾ ಬಾಯಿಗೆ ಸೆರಗು ಕಟಗೊಂಡಿದ್ನಿರಿ," ಎಂದಳು. "ಮೂರು ಸಲ ನೋಡೀನಿ."

ಹೋಗಿ ನೋಡಿದೆ. ಕಿಟಕಿಯ ಪರದೆಯ ಸಂದಿಯಿಂದ ಒಂದು ಬಿಸಿಲಕೋಲು ಮೇಜಿನ ಮೇಲೆ ಬಿದ್ದಿತ್ತು. ಆಕೆ ಕಪ್ಪು ಬಟ್ಟೆ ಎತ್ತಿದಳು. ಚುಕ್ಕೆ ಏಳು ಗೆರೆ ಸರಿಯಿತು. ಮುಚ್ಚಿದಳು. ಒಡನೆಯೇ ಹಿಂದೆ ಬಂತು. ಎತ್ತಿದಳು, ಏಳು ಗೆರೆ. ಮುಚ್ಚಿದಳು, ಸೊನ್ನೆ.

ಕತ್ತಲಲ್ಲಿ ಹರಿಯುವ ಕರೆಂಟನ್ನೇ ಹುಡುಕುತ್ತಿದ್ದ ನಾನು ಬೆಳಕನ್ನು ವೈರಿಯಂತೆ ದೂರ ಇಟ್ಟಿದ್ದೆ. ಈಗ ಅದೇ ಬೆಳಕಿಗೆ ಹರಳು ಎಚ್ಚರಾಗುತ್ತಿತ್ತು. ಆದರೆ ಒಂದೇ ಹರಳಿನ ಮೇಲೆ ಬೆಳಕು ಬಿದ್ದರೂ ಸ್ವಲ್ಪ ಕರೆಂಟು ಹುಟ್ಟಬಹುದು. ಇದು ಗಡಿಯದ್ದೇ ಎಂದು ಹೇಗೆ ಹೇಳುವುದು? ಜೋರಾಗಿಯೇ ಯೋಚಿಸುತ್ತಿದ್ದೆನೇನೋ, ಹುಲಿಗೆಮ್ಮ ಕೇಳಿದಳು:

"ಅವತ್ತು ಹೇಳಿದ್ರಲ್ರಿ, ಕೂಡಿದ ಮ್ಯಾಲೆ ಕೆಂಪು ಬೆಳಕು ತಿಂತಾವು, ಒಂದೊಂದ ಇದ್ರ ಮುಟ್ಟಂಗಿಲ್ಲ ಅಂತ. ಇವೂ ಹಂಗ ಏನ್ರಿ?"

ನಾನು ಆಕೆಯನ್ನೇ ನೋಡಿದೆ. ಹೌದು. ಒಂದು ಹರಳು ತಿಳಿ ಹಳದಿ, ಇನ್ನೊಂದು ಬಿಳಿ. ಕೆಂಪು ಬೆಳಕು ಎರಡರೊಳಗಿಂದಲೂ ಸುಮ್ಮನೆ ದಾಟಿ ಹೋಗಬೇಕು. ಆದರೂ ಕರೆಂಟು ಬಂದರೆ ಅದು ಎರಡೂ ಕೂಡಿದ ಜಾಗದ್ದೇ.

ಕಾಲೇಜಿನ ನಾಟಕದ ದೀಪಗಳಿಗೆ ಸುತ್ತುವ ಕೆಂಪು ಜಿಲೆಟಿನ್ ಹಾಳೆ ಸ್ಟೋರಿನಲ್ಲಿತ್ತು. ಮೂರು ಪದರ ಮಡಚಿ ಬೆಳಕಿಗೆ ಅಡ್ಡ ಹಿಡಿದೆವು. ಬಿಸಿಲಿನ ಕಾವು ತಾಗದಿರಲೆಂದು ನಡುವೆ ನೀರು ತುಂಬಿದ ಚಪ್ಪಟೆ ಗಾಜಿನ ಪಾತ್ರೆ ನಿಲ್ಲಿಸಿದೆವು. ಹುಲಿಗೆಮ್ಮ ಕನ್ನಡಿಯಿಂದ ಬಿಸಿಲನ್ನು ತಿರುಗಿಸಿದಳು. ಚುಕ್ಕೆ ಎರಡು ಗೆರೆ ಸರಿದು ನಿಂತಿತು. ಹಳದಿ ಹರಳೊಂದನ್ನೇ ಇಟ್ಟು ನೋಡಿದೆವು, ಸೊನ್ನೆ. ಬಿಳಿಯದೊಂದನ್ನೇ ಇಟ್ಟು ನೋಡಿದೆವು, ಸೊನ್ನೆ. ಆಮೇಲೆ ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಆ ಒಂದು ಕಾಳಿನಷ್ಟು ಕೆಂಪು ಬೆಳಕನ್ನು ಹರಳುಗಳ ಉದ್ದಕ್ಕೂ ಮೆಲ್ಲಗೆ ಸರಿಸಿದೆವು. ಹಳದಿಯ ಮೇಲೆ ಏನೂ ಇಲ್ಲ. ಬಿಳಿಯ ಮೇಲೆ ಏನೂ ಇಲ್ಲ. ಎರಡೂ ಒಂದರ ಮೇಲೊಂದು ಕೂತ ಆ ಚಿಕ್ಕ ಚೌಕಕ್ಕೆ ಬಂದಾಗ ಮಾತ್ರ ಚುಕ್ಕೆ ಅರ್ಧ ಗೆರೆ ಅಲುಗಿತು. ಕಣ್ಣಿಗೆ ಅಲ್ಲಿ ಯಾವ ಹೊಸ ಬಣ್ಣವೂ ಕಾಣುತ್ತಿರಲಿಲ್ಲ.

ಬಿಸಿಲು ಗೋಡೆಯ ಮೇಲೆ ಏರಿ ಹೋಗುವವರೆಗೂ ಅದೊಂದೇ ಕೆಲಸ. ತೂತು ಅತ್ತ, ತೂತು ಇತ್ತ. ಹತ್ತು ದಿನ, ಐದು ಜೊತೆ ಹರಳು. ಹುಲಿಗೆಮ್ಮ ಗೆರೆಗಳನ್ನು ಕೂಗುತ್ತಿದ್ದಳು, ನಾನು ಬರೆಯುತ್ತಿದ್ದೆ.

ಗೈಡ್‌ಗೆ ಪತ್ರ ಬರೆದೆ. ಮೊದಲ ಸಾಲು, "ನೀವು ಹೇಳಿದ್ದೇ ಸರಿ, ಅದು ನೀರಾಗಿತ್ತು." ಎರಡನೆಯ ಸಾಲಿನಿಂದ ಹೊಸ ಅಳತೆಗಳು. ಮೂರು ದಿನ ಬಿಟ್ಟು ಫೋನ್ ಬಂತು. ಕಾವು ನೋಡಿದಿರಾ, ಹಾಳೆಯಿಂದ ಬೇರೆ ಬಣ್ಣ ಸೋರುತ್ತದೆಯೇ ನೋಡಿದಿರಾ, ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, "ಹರಳುಗಳಿಗೆ ತಂತಿ ಹಚ್ಚಿದ್ದು ಯಾರು? ನಿಮ್ಮ ಕೈ ಹೀಗಿರಲಿಲ್ಲ ಮಾರಾಯ್ತಿ" ಎಂದರು. ಹೇಳಿದೆ. "ಅವರಿಗೆ ನನ್ನ ನಮಸ್ಕಾರ ತಿಳಿಸಿ. ನೀವು ಜೂನಿನಲ್ಲಿ ಬನ್ನಿ. ಪಂಪು ಸರಿಯಾಗಿದೆ. ಇಲ್ಲಿ ಸರಿಯಾದ ಬೆಳಕಿನಲ್ಲಿ ಮತ್ತೊಮ್ಮೆ ಅಳೆಯುವ." ನಾನು ನಮಸ್ಕಾರ ತಿಳಿಸಿದಾಗ ಹುಲಿಗೆಮ್ಮ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು, ಫೋನಿನ ಕಡೆ ತಿರುಗಿ ನಮಸ್ಕಾರ ಮಾಡಿದಳು.

ಈ ಸಂಭ್ರಮದಲ್ಲಿ ಒಂದು ತಪ್ಪು ನಡೆದುಹೋಗಿತ್ತು. ಆಕೆಯ ಪರೀಕ್ಷೆಗೆ ಎರಡೇ ವಾರ ಉಳಿದಿತ್ತು, ಮಸೂರದ ಪಾಠ ಇನ್ನೂ ಮುಟ್ಟಿರಲಿಲ್ಲ. ಆಮೇಲೆ ಹಗಲೆಲ್ಲ ಕೂರಿಸಿ ಓದಿಸಿದೆ, ಪಾಠವನ್ನು ಬಾಯಿಗೆ ಬರುವವರೆಗೆ ಬರೆಸಿದೆ. "ಪ್ರಶ್ನೆ ಕೇಳಬ್ಯಾಡ್ರಿ ಅಕ್ಕಾ, ಉತ್ತರ ಬರೀರಿ" ಎಂದು ಒಮ್ಮೆ ರೇಗಿಯೂ ಬಿಟ್ಟೆ.

ವಿಜ್ಞಾನ ಪರೀಕ್ಷೆಯ ದಿನ ನಾನು ಕೇಂದ್ರದ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕಾದಿದ್ದೆ. ಸಮವಸ್ತ್ರದ ಹುಡುಗ ಹುಡುಗಿಯರ ಹಿಂಡಿನ ನಡುವೆ ನೀಲಿ ಸೀರೆಯ ಹುಲಿಗೆಮ್ಮ ಬಂದಳು. ನಾನು ಎದುರಿಗೆ ಹೋದೆ.

"ಕಡೀ ಪ್ರಶ್ನೆ ಅರ್ಧ ಉಳೀತ್ರಿ. ಮಸೂರದ ಚಿತ್ರ. ಹೊತ್ತ ಸಾಲಲಿಲ್ಲ."

"ಯಾಕ? ಮನಿಯಾಗ ಎಷ್ಟು ಜಲ್ದಿ ಬಿಡಿಸಿದ್ರಲ್ಲ?"

ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಅವಾಹಕ ಅಂದ್ರ ಏನು, ಎರಡು ಉದಾಹರಣಿ ಕೊಡ್ರಿ ಅಂತ ಕೇಳಿದ್ರು. ಪುಸ್ತಕದಾಗ ಇದ್ದಂಗ ಬರದೆ. ಬರದ ಮ್ಯಾಲೆ ಮನಸ್ಸು ಒಪ್ಪಲಿಲ್ರಿ. ನಮ್ಮ ಹರಳಿಂದೂ ಬರದೆ. ಎಲ್ಲಾ ಬರದೆ. ಕೆಂಪು ಹಾಳಿದು, ಸೂಜಿ ತೂತಿಂದು."

"ಅಯ್ಯೋ ಅಕ್ಕಾ! ಅದನ್ನ ಯಾರು ಕೇಳಿದ್ರು? ತಪ್ಪು ಅಂತ ಹೊಡದುಬಿಡ್ತಾರ."

"ಖರೇ ಐತಲ್ರಿ," ಎಂದಳು. "ನಾ ನೋಡೀನಲ್ರಿ."

ನನ್ನದೇ ತಪ್ಪೆಂದು ಒಳಗೇ ಕುದಿದೆ. ನನ್ನ ಥೀಸಿಸ್ಸಿಗೆ ದಾರಿ ತೆರೆದು ಕೊಟ್ಟವಳ ಬಡ್ತಿಗೆ ನಾನೇ ಅಡ್ಡ ಬಂದೆನಲ್ಲ ಎಂದು ಅನ್ನಿಸಿತು. ಆಕೆ ಮಾತ್ರ ಬಸ್‌ಸ್ಟ್ಯಾಂಡಿನವರೆಗೂ, ಬೇರೆ ಬಣ್ಣದ ಹಾಳೆ ಹಿಡಿದರೆ ಏನಾಗುತ್ತದೆ, ಹರಳು ಮೂರು ಇಟ್ಟರೆ ಏನಾಗುತ್ತದೆ ಎಂದು ಕೇಳುತ್ತಲೇ ಬಂದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಹುಲ್ಲುಕಡ್ಡಿಯಷ್ಟು ಅಂತರದಲ್ಲಿ ಪಾಸಾಗಿದ್ದಳು. ಕಾಲೇಜಿನಲ್ಲಿ ಎಲ್ಲರಿಗೂ ಪೇಢೆ ಹಂಚಿದಳು. ಮುಂದಿನ ವರ್ಷ ಲ್ಯಾಬ್ ಸಹಾಯಕಿಯ ಆದೇಶವೂ ಬಂತು. ಈಗಲೂ ಅದೇ ಕೆಲಸದಲ್ಲಿದ್ದಾಳೆ. ನಾನು ಜೂನಿನಲ್ಲಿ ಕರಾವಳಿಗೆ ಹೋದೆ. ಅಲ್ಲಿಯ ಒಳ್ಳೆಯ ಉಪಕರಣಗಳಲ್ಲಿ ಅಳೆದಾಗಲೂ ಆ ಚಿಕ್ಕ ಚೌಕ ಅದನ್ನೇ ಹೇಳಿತು. ಥೀಸಿಸ್ ಮುಗಿಯಿತು. ಅದರ ನಾಲ್ಕನೆಯ ಅಧ್ಯಾಯದ ಮೊದಲ ಚಿತ್ರ ಕುಷ್ಟಗಿಯ ಅಳತೆಗಳದ್ದು. ಹರಳು ಜೋಡಿಸಿದವರ ಹೆಸರು ಅಲ್ಲೇ ಕೆಳಗಿದೆ.

ನಾನು ಕುಷ್ಟಗಿ ಬಿಡುವ ಎರಡು ದಿನ ಮೊದಲು ಹುಲಿಗೆಮ್ಮ ನನ್ನನ್ನು ಸೈಬರ್ ಸೆಂಟರಿಗೆ ಕರೆದುಕೊಂಡು ಹೋದಳು. ಪಾಸಾದ ಮೇಲೂ ಆಕೆ ವಿಜ್ಞಾನದ ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕಿದ್ದಳು. ಅಂಕ ಹೆಚ್ಚಿಸಿಕೊಳ್ಳಬೇಕೆಂದಲ್ಲ. "ಅವರು ಅದನ್ನ ಓದಿ ಏನ್ ಮಾಡಿದ್ರು ಅಂತ ನೋಡಬೇಕ್ರಿ, ಅಷ್ಟ." ಸೆಂಟರಿನವರು ಹಾಳೆಗಳನ್ನು ಮುದ್ರಿಸಿ ಕೊಟ್ಟರು. ಇಬ್ಬರೂ ಬಾಗಿಲ ಬೆಳಕಿಗೆ ಬಂದು ನಿಂತು ತಿರುವಿದೆವು. ಏಳನೆಯ ಪುಟದಲ್ಲಿ ಆಕೆಯ ದುಂಡು ಅಕ್ಷರ:

"ವಿದ್ಯುತ್ತನ್ನು ಹರಿಯಲು ಬಿಡದ ವಸ್ತು ಅವಾಹಕ. ಉದಾಹರಣೆ, ಪ್ಲಾಸ್ಟಿಕ್ ಮತ್ತು ರಬ್ಬರ್. ಆದರೆ ಎರಡು ಬೇರೆ ಬೇರೆ ಹರಳುಗಳು ಒಂದೊಂದೇ ಇದ್ದಾಗ ಹರಿಸದಿದ್ದರೂ, ಒಂದರ ಮೇಲೆ ಒಂದು ಇಟ್ಟು ಕೆಂಪು ಬೆಳಕು ಬಿಟ್ಟರೆ ಕೂಡಿದ ಜಾಗದಲ್ಲಿ ಸ್ವಲ್ಪ ಹರಿಯುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ." ಅದರ ಕೆಳಗೆ ಅರ್ಧ ಪುಟ ವಿವರ, ಸೂಜಿ ತೂತಿನ ಒಂದು ಚಿತ್ರವೂ ಇತ್ತು.

ಮೊದಲ ಎರಡು ಸಾಲಿಗೆ ಮೌಲ್ಯಮಾಪಕರು ಸರಿ ಗುರುತು ಹಾಕಿ ಪೂರ್ತಿ ಅಂಕ ಕೊಟ್ಟಿದ್ದರು. ಉಳಿದದ್ದನ್ನು ಹೊಡೆದು ಹಾಕಿರಲಿಲ್ಲ. 'ಕಣ್ಣಾರೆ ಕಂಡಿದ್ದೇನೆ' ಎಂಬುದರ ಕೆಳಗೆ ಒಂದು ಗೆರೆ ಎಳೆದು, ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದೇ ಪದ ಬರೆದಿದ್ದರು: "ಎಲ್ಲಿ?"

ಹುಲಿಗೆಮ್ಮ ಆ ಪದದ ಮೇಲೆ ಬೆರಳಿಟ್ಟಳು. ಹಾಳೆಯನ್ನು ಹೊರಳಿಸಿ ಹಿಂದೆ ನೋಡಿದಳು, ಮುಂದಿನ ಪುಟ ನೋಡಿದಳು. ಮೌಲ್ಯಮಾಪಕರ ಹೆಸರಾಗಲಿ, ಊರಾಗಲಿ ಎಲ್ಲಿಯೂ ಇರಲಿಲ್ಲ.

"ನೋಡ್ರಿ ಮೇಡಂ, ಎಲ್ಲಿ ಅಂತ ಕೇಳ್ಯಾರ. ಅವರಿಗೂ ನೋಡಬೇಕು ಅನ್ನಿಸೈತಿ. ಹೆಂಗ ತಿಳಸೂದ್ರಿ ಅವರಿಗೆ?"

ತಿಳಿಸಲು ಬರುವುದಿಲ್ಲ ಅಕ್ಕಾ ಎಂದೆ. ಆಕೆ ಒಪ್ಪಲಿಲ್ಲ. ಸೆಂಟರಿನವರ ಹತ್ತಿರ ಪೆನ್ನು ಕೇಳಿ ಇಸಿದುಕೊಂಡಳು. ಬಾಗಿಲ ಚೌಕಟ್ಟಿಗೆ ಹಾಳೆ ಒತ್ತಿ ಹಿಡಿದು, ಆ ಪದದ ಕೆಳಗೆ, ಅವಸರವಿಲ್ಲದೆ, ದುಂಡಗೆ ಬರೆದಳು: "ಕುಷ್ಟಗಿ, ನಮ್ಮ ಫಿಸಿಕ್ಸ್ ಲ್ಯಾಬ್. ಮುಂಜಾನೆ ಹತ್ತರಿಂದ ಸಂಜೆ ಐದು. ಯಾವಾಗ ಬೇಕಾದರೂ ಬರ್ರಿ."